ಗಾಲಿಯೊಳಗಿನ ಪತ್ರಿ

ಕೇಳಿ, ಕೇಳಿ, ಇದನ್ನು ಪೂರ್ತಿ ಕೇಳಿ! ನಡುವೆಯೇ ಎದ್ದು ಆಡಲು ಓಡಿಬಿಟ್ಟರೆ ಗಾಲಿ ಏನಾಯಿತು ಅಂತ ನಿಮಗೆ ಗೊತ್ತೇ ಆಗುವುದಿಲ್ಲ.

ಸೂಗಿ ಅಪ್ಪನ ಪಿಕಪ್ ಗಾಡಿಯ ಕೆಳಗೆ ಅಂಗಾತ ಮಲಗಿದ್ದಳು. ಗಾಡಿಯ ತಳಕ್ಕೆ ತುಕ್ಕು ಹಿಡಿದು ಒಂದು ಸಣ್ಣ ತೂತು ಬಿದ್ದಿತ್ತು. ಆ ತೂತಿನಿಂದ ಬಟಾಣಿ ಕಾಳಿನಷ್ಟು ಆಕಾಶ ಕಾಣುತ್ತಿತ್ತು. ಅಷ್ಟೇ ಅಷ್ಟು ಆಕಾಶದಲ್ಲಿ ಒಂದು ಹದ್ದು ಬಂತು, ಹೋಯಿತು. ಮತ್ತೆ ಬರಬಹುದು ಎಂದು ಸೂಗಿ ಕಾಯುತ್ತಲೇ ಇದ್ದಳು. ತಾನು ಯಾಕೆ ಇಲ್ಲಿ ತೂರಿಕೊಂಡಿದ್ದೇನೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು.

“ಸೂಗೀ! ಏ ಸೂಗವ್ವಾ! ಕಂಡ್ತೇನ?” ಅಪ್ಪ ಬಕ್ಕಪ್ಪ ಹೊರಗಿನಿಂದ ಕೂಗಿದ. ಅವನ ಹೊಟ್ಟೆ ದೊಡ್ಡದು, ಗಾಡಿಯ ಕೆಳಗೆ ಹಿಡಿಸುತ್ತಿರಲಿಲ್ಲ. ಅದಕ್ಕೇ ಮಗಳನ್ನು ಕಳಿಸಿದ್ದ.

“ಕಂಡ್ತಪ್ಪಾ! ಹದ್ದು!”

“ಹದ್ದಲ್ಲವಾ ತಾಯಿ! ಟೈರ್ ಎಲ್ಲಿ ಉಜ್ಜಾಕತ್ತದ ನೋಡು ಅಂದ್ರ ಹದ್ದು ನೋಡಾಕತ್ತೀಯಲ್ಲ!”

ಆಗ ಸೂಗಿಗೆ ನೆನಪಾಯಿತು. ತಲೆ ಹೊರಳಿಸಿ ಹಿಂದಿನ ಗಾಲಿ ನೋಡಿದಳು. ಟೈರಿನ ಒಳಮಗ್ಗುಲು ಕನ್ನಡಿಯ ಹಾಗೆ ನುಣ್ಣಗಾಗಿತ್ತು. ಪಕ್ಕದಲ್ಲೇ ಕಮಾನು, ಅಂದರೆ ಗಾಡಿ ಕುಣಿಯದಂತೆ ಹೊರುವ ಉಕ್ಕಿನ ಪಟ್ಟಿಗಳು. ಅವುಗಳ ಮೇಲೆ ಕಾಡಿಗೆಯಂಥ ಕರಿ ಪುಡಿ ಬಿದ್ದಿತ್ತು.

“ಅಪ್ಪಾ, ಟೈರು ಕಮಾನಿಗಿ ಬಡಿಯಾಕತ್ತದ. ಎರಡರ ನಡುವ ನನ್ನ ಬೆರಳು ಸೈತ ಹೋಗವಲ್ದು!”

“ಅಲ್ಲೇ ಅದ ನೋಡು ಕಳ್ಳ!” ಎಂದ ಬಕ್ಕಪ್ಪ.

ಇದು ಎಂಬತ್ಮೂರನೇ ಇಸವಿಯ ಮಾತು. ಬಸವಕಲ್ಯಾಣದ ಬಕ್ಕಪ್ಪನ ಹತ್ತಿರ ಜೀಪಿನ ಮೂತಿಯ ಹಳೆಯ ಪಿಕಪ್ ಇತ್ತು. ಅದರ ಹಿಂದಿನ ಎರಡು ಗಾಲಿಗೆ ಅವನು ಹೊಸದಾಗಿ ಅಗಲವಾದ ಟೈರು ಹಾಕಿಸಿದ್ದ. ಯಾಕೆ ಗೊತ್ತೇ? ಸೂಗಿಯ ಅಕ್ಕ ಕಸ್ತೂರಿಯನ್ನು ದುಬಲಗುಂಡಿಗೆ ಕೊಟ್ಟಿದ್ದರು. ಅಕ್ಕನಿಗೆ ಈಗ ಏಳು ತಿಂಗಳು. ತವರಿನವರು ಹೋಗಿ, ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಸೀಮಂತದ ಕುಬಸ ಮಾಡಿ, ಬಾಣಂತನಕ್ಕೆ ಮನೆಗೆ ಕರೆತರಬೇಕು. ದಾರಿಯಲ್ಲಿ ಅವಳ ಹೊಟ್ಟೆ ಕುಲುಕಬಾರದು. ಅಗಲ ಟೈರಿದ್ದರೆ ಗಾಡಿ ಮೆತ್ತಗೆ ಹೋಗುತ್ತದೆ ಎಂದು ಬಕ್ಕಪ್ಪನ ಲೆಕ್ಕ. ಆದರೆ ತಿರುವಿನಲ್ಲಿ ಗಾಡಿ “ಕರ್ರ್… ಕರ್ರ್…” ಎಂದು ಅಳತೊಡಗಿತ್ತು.

“ನಾಳಿಗಿ ಹೊಂಡಬೇಕು. ನಡಿ, ಸಿರಾಜ್ ಭೈ ಬಲ್ಲಿ ಹೋಗೋಣ,” ಎಂದ ಅಪ್ಪ.

*

ಸಿರಾಜುದ್ದೀನ್ ಚಾಚಾನ ಗ್ಯಾರೇಜು ಕಿಲ್ಲೆಗೆ ಹೋಗುವ ದಾರಿಯಲ್ಲಿತ್ತು. ಚಾಚಾನ ಬಾಯಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಅವನು ಮಾತಾಡಿದರೆ ರಸ್ತೆಯ ಆಚೆಯ ಚಹದಂಗಡಿಯವರೂ ಉತ್ತರ ಕೊಡುತ್ತಿದ್ದರು.

ಬಕ್ಕಪ್ಪ ಒಂದು ಡಬ್ಬಿ ಬಿಚ್ಚಿದ. ತುಂಬ ಕಬ್ಬಿಣದ ವಾಶರ್‌ಗಳು.

“ಸಿರಾಜ್ ಭೈ, ಪ್ರತಿ ಬೋಲ್ಟಿಗಿ ಇವು ನಾಕ್ ನಾಕ್ ಪೋಣಿಸಿಬಿಡು. ಗಾಲಿ ಹೊರಗ ಬರ್ತದ. ನಮ್ಮಪ್ಪ ಬಂಡಿ ಅಚ್ಚಿಗಿ ಹಿಂಗೇ ಹಾಕ್ತಿದ್ದ.”

“ಅರೆ ಬಕ್ಕಪ್ಪಣ್ಣಾ! ನಿಮ್ಮಪ್ಪನ ಬಂಡಿ ಎತ್ತಿನ ಹೆಜ್ಜಿ ನೋಡಿ ಹೋಗ್ತಿತ್ತು. ನಿನ್ನ ಗಾಡಿ ನಿನ್ನ ಸಿಟ್ಟು ನೋಡಿ ಓಡ್ತದ! ವಾಶರ್ ಜಾರಿದ್ರ ಗಾಲಿ ಮುಂದ, ನೀ ಹಿಂದ!” ಚಾಚಾ ಡಬ್ಬಿ ಮುಚ್ಚಿ ಅಪ್ಪನ ಕಂಕುಳಲ್ಲೇ ಸಿಕ್ಕಿಸಿದ. “ಇದಕ್ಕ ಬೇಕಾದ್ದು ಸ್ಪೇಸರ್ ಪ್ಲೇಟು. ಗಾಲಿ ಮತ್ತ ಹಬ್ಬಿನ ನಡುವ ಕುಂಡ್ರತದ.”

ಹಬ್ಬು ಅಂದರೆ ಗಾಲಿಯನ್ನು ಹಿಡಿದುಕೊಳ್ಳುವ ಗುಂಡಗಿನ ನಡುಭಾಗ. ಚಾಚಾ ಒಳಗಿನಿಂದ ಮೂರು ನಮೂನೆಯ ಪ್ಲೇಟು ತಂದು ಗೋಣಿಚೀಲದ ಮೇಲೆ ಇಟ್ಟ. ಸೂಗಿಗೆ ಅವು ಮೂರು ಚಂದ್ರರಂತೆ ಕಂಡವು. ನಡುವೆ ದೊಡ್ಡ ತೂತು, ಸುತ್ತಲೂ ಐದು ಸಣ್ಣ ತೂತು. ಚಂದ್ರನ ಸುತ್ತ ಐದು ಚಿಕ್ಕಿ, ಐದು ನಕ್ಷತ್ರ!

“ದಪ್ಪಂದು ಹಾಕು,” ಎಂದ ಬಕ್ಕಪ್ಪ. “ಗಾಡಿ ಪೈಲ್ವಾನ್‌ನಂಗ ಕಾಲು ಅಗಲಿಸಿ ನಿಂದರ್ಬೇಕು.”

“ಪೈಲ್ವಾನ್ ಭಾಳ ಕಾಲು ಅಗಲಿಸಿದ್ರ ಚಣ್ಣ ಹರೀತದ! ದಪ್ಪಂದು ಹಾಕಿದ್ರ ಬೇರಿಂಗಿಗಿ ಭಾರ ಬೀಳ್ತದ, ಟೈರು ಮಡ್‌ಗಾರ್ಡಿಗಿ ಬಡೀತದ. ಎಷ್ಟು ಬೇಕೋ ಅಷ್ಟೇ.” ಚಾಚಾ ಸೂಗಿಯ ಕಡೆ ತಿರುಗಿದ. “ಬೇಟಾ, ನಿನ್ನ ಕೈಬಳಿ ತೋರಿಸು. ಇದು ಕೈಗಿ ಹ್ಯಾಂಗ ಕುಂತದ?”

“ಸಡ್ಲ ಅದ್ರೀ ಚಾಚಾ. ಓಡುವಾಗ ಉಚ್ಚಿ ಬೀಳ್ತದ.”

“ಶಾಬಾಸ್! ಈ ಎರಡ್ನೇ ಪ್ಲೇಟು ನಿನ್ನ ಬಳಿಯಂಗ. ಹಬ್ಬಿನ ಮ್ಯಾಲ ಸಡ್ಲ ಕುಂಡ್ರತದ, ಗಡಗಡ ಅಂತದ. ಬ್ಯಾಡ. ಇದು ನೋಡು.” ಅವನು ಮೂರನೆಯ ಪ್ಲೇಟನ್ನು ಪಕ್ಕದಲ್ಲಿದ್ದ ಇಂಥದೇ ಗಾಡಿಯ ಹಳೆಯ ಹಬ್ಬಿನ ಮೇಲೆ ಒತ್ತಿದ. ಟಪ್ ಎಂದು ಕೂತಿತು. ಅಲ್ಲಾಡಿಸಿದರೂ ಅಲ್ಲಾಡಲಿಲ್ಲ.

ಸೂಗಿಗೆ ಅಕ್ಕನ ಕೈಗೆ ಬಳೆಗಾರ ಬಳೆ ಏರಿಸುವುದು ಕಣ್ಣಮುಂದೆ ಬಂತು. ಹಸಿರು ಬಳೆ, ಬೆಳ್ಳನೆಯ ಕೈ. ಅವಳು ಗ್ಯಾರೇಜಿನಲ್ಲೇ ನಿಂತು ದುಬಲಗುಂಡಿಗೆ ಹೋಗಿಬಂದಳು.

ತಿರುಗಿ ಬರುವಷ್ಟರಲ್ಲಿ ಅಪ್ಪ ಬಳೆ, ಸೀರೆ ತರಲು ಬಜಾರಿಗೆ ಹೋಗಿದ್ದ. ಚಾಚಾ ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂದೆ ಜಾಕು ಏರಿಸಿ, ಅಚ್ಚಿನ ಕೆಳಗೆ ಕಟ್ಟಿಗೆಯ ದಿಮ್ಮಿ ಇಟ್ಟಿದ್ದ. “ಜಾಕಿನ ಮ್ಯಾಲ ಒಂದೇ ನಂಬಿಕಿ ಇಟ್ಟು ಕೈ ಹಾಕಬಾರದು,” ಎಂದು ತನಗೆ ತಾನೇ ಹೇಳಿಕೊಂಡ. ಪ್ಲೇಟು ಬಂದರೆ ಬೋಲ್ಟಿನ ತುದಿ ಗಿಡ್ಡವಾಗಿ ನಟ್ಟಿಗೆ ಹಿಡಿತ ಸಾಲುವುದಿಲ್ಲ. ಅದಕ್ಕೆ ಹಳೆಯ ಬೋಲ್ಟುಗಳನ್ನು ತೆಗೆದು ಉದ್ದನೆಯವನ್ನು ಕೂರಿಸಿದ. ಬಲಗಾಲಿಯ ಕೆಲಸ ಮುಗಿಯಿತು. ಎಡಗಡೆಯ ಹಬ್ಬಿನ ತುಕ್ಕನ್ನು ಕೆರೆದು, ಪೆಟ್ರೋಲ್ ಅರಿವೆಯಿಂದ ಒರೆಸಿ, ಪ್ಲೇಟನ್ನು ಬೋಲ್ಟುಗಳಿಗೆ ಸಡಿಲವಾಗಿ ಸಿಕ್ಕಿಸಿದ. ಅಷ್ಟರಲ್ಲಿ ಮಸೀದಿಯಿಂದ ಅಜಾನ್ ಕೇಳಿತು.

“ಬೇಟಾ, ನಮಾಜು ಮುಗಿಸಿ ಬಂದೆ. ಇಲ್ಲೇ ದೂರ ಕುಂತಿರು. ಯಾರಿಗೂ ಕೈ ಹಚ್ಚಗೊಡಬ್ಯಾಡ.”

“ಹೂಂ ರೀ ಚಾಚಾ.”

ಗ್ಯಾರೇಜು ಸುಮ್ಮನಾಯಿತು. ಬಾಗಿಲಿನಿಂದ ಬಿಸಿಲಿನ ಒಂದು ಪಟ್ಟೆ ಒಳಗೆ ಬಂದು ಪ್ಲೇಟಿನ ಮೇಲೆ ಕೂತಿತು. ಚಂದ್ರ ಹೊಳೆಯಿತು.

ಸೂಗಿ ಲಂಗದ ಜೇಬಿಗೆ ಕೈ ಹಾಕಿದಳು. ಅಲ್ಲೊಂದು ಪತ್ರಿ ಇತ್ತು. ಮೂರೆಲೆಯ ಬಿಲ್ವಪತ್ರಿ. ಬೆಳಿಗ್ಗೆ ಆಯಿ ಅವಳನ್ನು ಬಸವಣ್ಣನ ಗುಡಿಗೆ ಕರೆದುಕೊಂಡು ಹೋಗಿ, “ಅಕ್ಕನ ಸಲುವಾಗಿ ಬೇಡ್ಕೊ ಯವ್ವಾ” ಎಂದು ಅದನ್ನು ಕೈಗೆ ಇಟ್ಟಿದ್ದಳು. ಆಯಿ ಅಂದರೆ ಅಪ್ಪನ ಅವ್ವ, ಪಾರ್ವತಿಬಾಯಿ. ಮನೆಗೆ ಏನೇ ಹೊಸದು ಬರಲಿ, ಆಯಿ ಅದರೊಳಗೆ ಒಂದು ಪತ್ರಿ ಇಡುವವಳೇ. ಬೀಜ ಬಿತ್ತುವ ಕೂರಿಗೆಯ ಬಟ್ಟಲಲ್ಲಿ ಪತ್ರಿ, ಜೋಳದ ಕಣಜದಲ್ಲಿ ಪತ್ರಿ, ಸೂಗಿಯ ಪಾಟಿಚೀಲದಲ್ಲಿ ಪತ್ರಿ. ರೇಡಿಯೋದ ಶೆಲ್ ಹಾಕುವ ಮುಚ್ಚಳದೊಳಗೂ ಒಂದು! ಒಮ್ಮೆ ಇಟ್ಟರೆ ಯಾರೂ ತೆಗೆಯುವಂತಿಲ್ಲ. ರೇಡಿಯೋ ಗೊರಗೊರ ಅಂದರೂ ಅಪ್ಪ ಅದನ್ನು ತೆಗೆದಿರಲಿಲ್ಲ.

ಈ ಪ್ಲೇಟೂ ಹೊಸದೇ ಅಲ್ಲವೇ? ಅಕ್ಕನನ್ನು ಹೊತ್ತು ತರುವುದೂ ಇದೇ ಅಲ್ಲವೇ?

ಸೂಗಿ ಎದ್ದಳು. ಪ್ಲೇಟನ್ನು ಒಂದಿಷ್ಟೇ ಹೊರಗೆಳೆದಳು. ಪತ್ರಿಯನ್ನು ಕಣ್ಣಿಗೆ ಒತ್ತಿಕೊಂಡು ಪ್ಲೇಟಿನ ಹಿಂದೆ ತೂರಿಸಿ, ಪ್ಲೇಟನ್ನು ಮೊದಲಿನ ಹಾಗೆ ತಳ್ಳಿದಳು. ಏನೂ ಕಾಣಲಿಲ್ಲ. ಗಾಲಿಯೊಳಗೊಂದು ಗುಡಿ ಕಟ್ಟಿದ ಹಾಗಾಯಿತು ಅವಳಿಗೆ.

*

ಚಾಚಾ ಬಂದ, ಅಪ್ಪನೂ ಬಂದ. ಚಾಚಾ ಗಾಲಿ ಎತ್ತಿ ಸಿಕ್ಕಿಸಿ ಪಾನಾದಿಂದ ನಟ್ಟು ತಿರುವತೊಡಗಿದ.

“ನೋಡು ಬೇಟಾ, ಸುತ್ತಲೂ ಒಂದರ ಹಿಂದೊಂದು ಬಿಗಿ ಮಾಡಬಾರದು. ಗಾಲಿ ವಾರೆ ಕುಂಡ್ರತದ. ಒಂದು ಬಿಟ್ಟು ಒಂದು. ಸಾಲ್ಯಾಗ ಪೆನ್ಸಿಲ್ ಎತ್ತದಂಗ ಚಿಕ್ಕಿ ಬರೀತೀರಲ್ಲ, ಹಂಗ!”

ಸೂಗಿ ಗಾಳಿಯಲ್ಲಿ ಬೆರಳಾಡಿಸಿದಳು. ಹೌದು! ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ… ಐದು ಮೂಲೆಯ ಚಿಕ್ಕಿ! ಅವಳಿಗೆ ಖುಷಿಯೋ ಖುಷಿ.

“ಬಕ್ಕಪ್ಪಣ್ಣಾ, ನಾಳಿಗಿ ಬಂಗ್ಲಾ ಕ್ರಾಸಿನ್ಯಾಗ ಗಾಡಿ ನಿಂದ್ರಿಸು. ಪಾನಾ ಹಾಕಿ ಎಲ್ಲಾ ನಟ್ಟು ಮತ್ತ ಒಮ್ಮಿ ನೋಡು. ಗಾಲಿ ಯಾವಾಗ ಬಿಚ್ಚಿ ಹಾಕಿದ್ರೂ ಒಂದಿಷ್ಟು ದೂರ ಹೋಗಿ ನೋಡಬೇಕು. ಮರೀಬ್ಯಾಡ.”

“ನೀ ಹಾಕಿದ್ದಕ್ಕ ಮತ್ತೇನು ನೋಡೋದು?”

“ನಾ ಹಾಕಿದ್ದೇ ಅಂತ ನೋಡಬೇಕು! ನಾನೂ ಮನಷ್ಯಾನೇ.” ಚಾಚಾ ಪಾನಾ ಕೆಳಗಿಟ್ಟು ಕೈ ಒರೆಸಿಕೊಂಡ. “ಹಬ್ಬು, ಪ್ಲೇಟು, ಗಾಲಿ, ಮೂರೂ ಒಂದಕ್ಕೊಂದು ಅಪ್ಪಿಕೊಂಡಿರಬೇಕು. ನಡುವ ಒಂದು ಕೂದಲು ಸೈತ ಇರಬಾರದು. ಏನರೆ ಇತ್ತಂದ್ರ ಇವತ್ತ ನಟ್ಟು ಬಿಗಿ ಕಾಣ್ತದ. ನಾಳಿಗಿ ಅದು ಅರದು ಪುಡಿ ಆಗ್ತದ, ನಟ್ಟು ಸಡ್ಲ ಆಗ್ತದ. ಆಮ್ಯಾಲ ಗಾಲಿಗಿ ಹಾದಿ, ನಮಗ ದವಾಖಾನಿ!”

ಅಪ್ಪ ನಕ್ಕ. ಚಾಚಾನೂ ನಕ್ಕ. ಸೂಗಿ ನಗಲಿಲ್ಲ.

ಅವಳು ಎಡಗಾಲಿಯನ್ನೇ ನೋಡಿದಳು. ಹೇಳಿಬಿಡಲೇ? ಬಾಯಿ ತೆರೆದಳು. “ಯಾರಿಗೂ ಕೈ ಹಚ್ಚಗೊಡಬ್ಯಾಡ” ಎಂದು ಚಾಚಾ ನಂಬಿ ಹೋಗಿದ್ದ. ಕೈ ಹಚ್ಚಿದವಳು ಅವಳೇ! ಇನ್ನು ಪತ್ರಿ ತೆಗೆಸಿದರೆ? ದೇವರ ಪತ್ರಿ ತೆಗೆದ ಪಾಪ ಅಕ್ಕನಿಗೆ ತಟ್ಟಿದರೆ? ಬಾಯಿ ಮುಚ್ಚಿದಳು.

*

ಮರುದಿನ ಗಾಡಿ ಹೊರಟಿತು. ಮುಂದೆ ಅಪ್ಪನ ಪಕ್ಕ ಅವ್ವ, ಮಡಿಲಲ್ಲಿ ಹೋಳಿಗೆಯ ಬುಟ್ಟಿ. ಹಿಂದೆ ಗಾದಿ ಹಾಸಿ ಆಯಿ, ಸೂಗಿ, ಮತ್ತೆ ಓಣಿಯ ಕಾಂತಾಬಾಯಿ. ಕಾಂತಾಬಾಯಿ ಬಂದರೆ ರೇಡಿಯೋ ಬೇಡ, ಬಾಯಿ ನಿಲ್ಲುವುದೇ ಇಲ್ಲ.

ಕೆರೆಯ ಮೇಲೆ ಮಂಜು ಕೂತಿತ್ತು. ರಸ್ತೆಯ ಎರಡೂ ಕಡೆ ಬಿಳಿಜೋಳ ತೆನೆ ಹೊತ್ತು ನಿಂತಿತ್ತು. ನಡುನಡುವೆ ಕುಸುಬೆ ಹೂವು, ಅರಿಸಿನ ಕುಂಕುಮ ಕಲಸಿ ಚೆಲ್ಲಿದಂತೆ. ಬೇರೆ ದಿನವಾಗಿದ್ದರೆ ಸೂಗಿ ಆ ಜೋಳದ ಮೇಲೆ ನಡೆದುಕೊಂಡೇ ಹುಮನಾಬಾದಿಗೆ ಹೋಗಿಬಿಡುತ್ತಿದ್ದಳು, ಮನಸ್ಸಿನಲ್ಲಿ. ಇವತ್ತು ಅವಳ ಮನಸ್ಸು ಗಾಲಿಯ ಜೊತೆ ಗರಗರ ತಿರುಗುತ್ತಿತ್ತು.

ಬಂಗ್ಲಾದಲ್ಲಿ ಊರ ದಾರಿ ದೊಡ್ಡ ಹೈವೇಗೆ ಕೂಡುತ್ತದೆ. ಅಪ್ಪ ಅಲ್ಲಿ ಗಾಡಿ ನಿಲ್ಲಿಸಿ ಪಾನಾ ಹಿಡಿದು ಇಳಿದ. ಬಲಗಾಲಿಯ ಒಂದು ನಟ್ಟೂ ಅಲ್ಲಾಡಲಿಲ್ಲ. ಎಡಗಾಲಿಗೆ ಪಾನಾ ಹಾಕಿ ಒತ್ತಿದ. ನಟ್ಟು ಸರಕ್ಕನೆ ತಿರುಗಿತು.

“ಹೊಸದು ನೋಡು, ಈಗ ಮೈ ಕೊಟ್ಟು ಕುಂತದ,” ಎಂದು ಅಪ್ಪ ಐದನ್ನೂ ಬಿಗಿ ಮಾಡಿದ.

“ಅಪ್ಪಾ… ಗಾಲಿ ಬಿಚ್ಚಿ ನೋಡಪ್ಪಾ,” ಎಂದಳು ಸೂಗಿ, ಸಣ್ಣ ದನಿಯಲ್ಲಿ.

“ಯಾಕವ್ವಾ?”

“ಒಳಗ… ಒಳಗ ಟಿಕ್ ಟಿಕ್ ಅನ್ನಾಕತ್ತದ.”

ಕಾಂತಾಬಾಯಿ ಕಿಸಕ್ಕನೆ ನಕ್ಕಳು. “ಕೇಳ್ರೆವ್ವಾ ಕೇಳ್ರಿ! ಹ್ವಾದ ವಾರ ಕೆರಿ ಉಸರಾಡಾಕತ್ತದ ಅಂದಿದ್ಲು. ಈಗ ಗಾಲಿ ಮಾತಾಡಾಕತ್ತದಂತ! ನಾಳಿಗಿ ನಮ್ಮ ರೊಟ್ಟಿ ಹಂಚು ಹಾಡ್ತದ!”

ಎಲ್ಲರೂ ನಕ್ಕರು. ಆಯಿ ಕೂಡ. ಅಪ್ಪ ಸೂಗಿಯ ಕೆನ್ನೆ ತಟ್ಟಿ ಹೋಗಿ ಗಾಡಿ ಚಾಲೂ ಮಾಡಿದ.

ನಿಜ ಹೇಳಬೇಕೆಂದರೆ ಸೂಗಿಗೆ ಆಗ ಯಾವ ಸದ್ದೂ ಕೇಳಿರಲಿಲ್ಲ. ಆದರೆ ಹೈವೇ ಮೇಲೆ ಸ್ವಲ್ಪ ಹೊತ್ತು ಹೋದ ಮೇಲೆ ಕೇಳಿತು. ಟಿಕ್. ಆಮೇಲೆ ಏನೂ ಇಲ್ಲ. ಟಿಕ್. ಮತ್ತೆ ಟಿಕ್ ಟಿಕ್. ಎಡಗಡೆಯಿಂದಲೇ. ಖರೆಯೋ ಕನಸೋ? ಅವಳಿಗೇ ತಿಳಿಯಲಿಲ್ಲ. ಕೆರೆ ಉಸಿರಾಡಿದ್ದೂ ಅವಳಿಗೆ ಹೀಗೇ ಕೇಳಿತ್ತು.

ರಾಜೇಶ್ವರ ದಾಟಿತು. ಎದುರಿನಿಂದ ಒಂದು ಲಾರಿ ಭರ್ರನೆ ಬಂದು ಹೋಯಿತು. ಸೂಗಿ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣೊಳಗೆ ಅಕ್ಕ ಈ ಗಾದಿಯ ಮೇಲೆ ಕೂತಿದ್ದಳು, ಹಸಿರು ಸೀರೆ, ಹೊಟ್ಟೆಯ ಮೇಲೆ ಎರಡೂ ಕೈ. ಪಕ್ಕದಲ್ಲಿ ಒಂದು ಗಾಲಿ ಒಂದೇ ಉರುಳುತ್ತ ಜೋಳದ ಹೊಲಕ್ಕೆ ಇಳಿದು ಹೋಗುತ್ತಿತ್ತು. ಅಕ್ಕ ಅದನ್ನು ನೋಡಿರಲಿಲ್ಲ. ಸೂಗಿ ಮಾತ್ರ ನೋಡಿದ್ದಳು.

ಸೂಗಿ ಎದ್ದು ನಿಂತು ಕ್ಯಾಬಿನ್ನಿನ ತಗಡನ್ನು ಎರಡೂ ಕೈಯಿಂದ ಬಡಿದಳು. ಧಡ್ ಧಡ್ ಧಡ್!

ಗಾಡಿ ನಿಂತಿತು. “ಮತ್ತೇನವಾ?” ಅಪ್ಪ ಸಿಡಿಮಿಡಿಗೊಂಡು ಇಳಿದ. “ಅಲ್ಲಿ ಮಂದಿ ಕಾಯಾಕತ್ತಾರ!”

“ಮತ್ತ ಟಿಕ್ ಅಂತೇನ?” ಎಂದಳು ಕಾಂತಾಬಾಯಿ.

“ಒಳಗ ಪತ್ರಿ ಅದ,” ಎಂದಳು ಸೂಗಿ.

“ಏನ್ ಅದ?”

“ಪತ್ರಿ. ನಾನೇ ಇಟ್ಟೀನಿ. ಚಾಚಾ ನಮಾಜಿಗಿ ಹೋದಾಗ. ಅಕ್ಕನ ಸಲುವಾಗಿ.” ಬಗ್ಗಿ ಎಡಗಾಲಿಯತ್ತ ಬೆರಳು ಮಾಡಿದಳು. “ಕೂದಲು ಸೈತ ಇರಬಾರದು ಅಂದ್ರಲ್ಲ… ಪತ್ರಿ ಕೂದಲಕ್ಕಿಂತ ದಪ್ಪ ಇರ್ತದಪ್ಪಾ.”

ಯಾರೂ ನಗಲಿಲ್ಲ. ಅಪ್ಪ ಎಡಗಾಲಿಯ ಹತ್ತಿರ ಕೂತು ಒಂದು ನಟ್ಟನ್ನು ಬರಿಗೈಯಿಂದ ತಿರುವಿದ. ತಿರುಗಿತು! ಇನ್ನೊಂದನ್ನು ಮುಟ್ಟಿದ. ಅದೂ ತಿರುಗಿತು.

ಅಪ್ಪ ಬೈಯಲಿಲ್ಲ. ಹಾಗೇ ನೆಲಕ್ಕೆ ಕೂತುಬಿಟ್ಟ. “ಕಸ್ತೂರಿ ಕುಂತಾಗ ಏನರೆ…” ಎಂದ.

*

ಎಲ್ಲರೂ ಇಳಿದು ಹೊಲದ ಬದುವಿನ ಮೇಲೆ ನಿಂತರು. ಅಪ್ಪ ಕಲ್ಲು ಕೊಟ್ಟ, ಜಾಕು ಏರಿಸಿದ, ಅಚ್ಚಿನ ಕೆಳಗೆ ದಿಮ್ಮಿ ಇಟ್ಟ. ಗಾಲಿ ತೆಗೆದ. ಪ್ಲೇಟು ಎಳೆದ.

ಪತ್ರಿ ಅರ್ಧ ಅರೆದು ಪುಡಿಯಾಗಿತ್ತು. ಉಳಿದರ್ಧ ಕಬ್ಬಿಣಕ್ಕೆ ಅಂಟಿತ್ತು. ಅದರ ನರಗಳೆಲ್ಲ ಹಸಿರಾಗಿ ಹಬ್ಬಿನ ಮೇಲೆ ಅಚ್ಚೊತ್ತಿದ್ದವು, ಯಾರೋ ಸಣ್ಣ ಬ್ರಶ್ ಹಿಡಿದು ಬರೆದ ಹಾಗೆ. ನೋಡಲು ಎಷ್ಟು ಚೆಂದವಿತ್ತು! ಸೂಗಿಗೆ ಅದಕ್ಕೇ ಇನ್ನಷ್ಟು ಅಳು ಬಂತು.

ಅಪ್ಪ ಪೆಟ್ರೋಲ್ ಅರಿವೆ ಹಿಡಿದ. ಆದರೆ ಅವನ ಕೈ ಮುಂದೆ ಹೋಗಲಿಲ್ಲ. ಗುಡಿಯಿಂದ ಬಂದ ಪತ್ರಿ! ಅವ್ವನ ಮುಖ ನೋಡಿದ. ಅವ್ವ ಆಯಿಯ ಮುಖ ನೋಡಿದಳು. ಕಾಂತಾಬಾಯಿಯೇ ಸುಮ್ಮನಾದಳು ಅಂದರೆ ನೋಡಿ!

ಸೂಗಿ ಕಣ್ಣು ಎತ್ತಲಿಲ್ಲ. ಆಯಿಯ ಬಿರುಕುಬಿಟ್ಟ ಪಾದಗಳು ಬದು ಇಳಿದು ಹತ್ತಿರ ಬರುವುದು ಕಂಡಿತು. ಬಂದವು. ನಿಂತವು.

ಆಯಿ ಬಗ್ಗಿ ಉಗುರಿನಿಂದ ಪತ್ರಿಯನ್ನು ಮೆಲ್ಲಗೆ ಬಿಡಿಸಿದಳು. ಕಣ್ಣಿಗೆ ಒತ್ತಿಕೊಂಡಳು.

“ಇಷ್ಟು ಇಕ್ಕಟ್ಟಿನ್ಯಾಗ ದೇವ್ರು ಹ್ಯಾಂಗ ಕುಂಡ್ರಬೇಕವಾ ಸೂಗೀ?” ಎಂದಳು. “ಉಸಿರರೆ ಬ್ಯಾಡೇನ ಅವ್ನಿಗಿ?”

ಪತ್ರಿಯನ್ನು ಒಯ್ದು ಕುಸುಬೆಯ ಗಿಡಗಳ ಬುಡದಲ್ಲಿ ಇಟ್ಟಳು. ಬಂದು ಮಗನ ಕೈಯಿಂದ ಅರಿವೆ ಕಸಿದುಕೊಂಡು ಹಬ್ಬನ್ನು ತಾನೇ ಉಜ್ಜಿದಳು, ಮನೆಯ ತಾಮ್ರದ ಕೊಡ ಉಜ್ಜುವ ಹಾಗೆ. ಹಸಿರು ನರಗಳು ಒಂದೊಂದೇ ಹೋದವು. ಕಬ್ಬಿಣ ಬಿಳುಪಾಯಿತು.

“ಆಯೀ, ಅಕ್ಕಗ ಏನೂ ಆಗಂಗಿಲ್ಲಲ್ಲ?” ಸೂಗಿ ಬಿಕ್ಕಿದಳು. “ಇಟ್ಟಿದ್ದು ತೆಗಿಬಾರದು ಅಂತಿದ್ದಿ…”

“ಕಣಜದಾಗಿಂದು ತೆಗಿಬ್ಯಾಡ ಅಂದೀನಿ. ಗಾಲಿಗೂ ಅದೇ ಮಾತು ಅಂತ ನಾ ಯಾವಾಗ ಅಂದೀನಿ?” ಆಯಿ ಅರಿವೆ ಝಾಡಿಸಿದಳು. “ಮನೀಗಿ ಹ್ವಾದ ಮ್ಯಾಲ ಆ ರೇಡಿಯೋದಾಗಿಂದೂ ತೆಗೀಬೇಕು. ಭಾಳ ಗೊರಗೊರ ಅಂತದ. ಇನ್ನ ಮಾರಿ ಒರಸ್ಕೊ.”

ಅಪ್ಪ ಗಾಲಿ ಸಿಕ್ಕಿಸಿ ನಟ್ಟುಗಳನ್ನು ಬೆರಳಿನಿಂದ ಹಿಡಿಸಿದ. ಪಾನಾ ಕೈಗೆ ತೆಗೆದುಕೊಂಡು ಒಂದು ಕ್ಷಣ ಯೋಚಿಸಿದ. “ಸೂಗೀ, ಹ್ಯಾಂಗ ಅಂದಿದ್ದ ಸಿರಾಜ್ ಭೈ? ಯಾವ್ದು ಮೊದ್ಲ?”

“ಚಿಕ್ಕಿ ಬರ್ದಂಗ ಅಪ್ಪಾ. ಇದು. ಈಗ ಅದು. ಈಗ ಆ ಕಡೀದು.”

ಅವಳು ತೋರಿಸಿದ ಹಾಗೆ ಅಪ್ಪ ತಿರುವಿದ. ಜಾಕು ಇಳಿಸಿದ ಮೇಲೆ ಮತ್ತೊಮ್ಮೆ, ಮೈಮೇಲೆ ಭಾರ ಹಾಕಿ. ಪಾನಾ “ಕಿರ್ರ್” ಎಂದು ನಿಂತಿತು.

ಆಮೇಲೆ ಎಲ್ಲರಿಗೂ ಅವಸರವೋ ಅವಸರ. ಹುಮನಾಬಾದಿನ ಬಸ್‌ಸ್ಟ್ಯಾಂಡಿನ ಗದ್ದಲದ ನಡುವೆ ಅಪ್ಪ ಹಾರ್ನ್ ಹೊಡೆಯುತ್ತಲೇ ಗಾಡಿ ನುಗ್ಗಿಸಿದ. ಎಲ್ಲಿಯೂ ನಿಲ್ಲಿಸದೆ ದುಬಲಗುಂಡಿ ಸೇರಿದ.

*

ಅಕ್ಕನಿಗೆ ಹಸಿರು ಸೀರೆ ಉಡಿಸಿದರು. ಬಳೆ ಇಡಿಸಿದರು. ಉಡಿ ತುಂಬಿದರು. ಕಾಂತಾಬಾಯಿ ಗಾಲಿಯ ಕತೆಗೆ ಉಪ್ಪು ಖಾರ ಹಚ್ಚಿ ಎಲ್ಲರಿಗೂ ಹೇಳಿದಳು. ಸೂಗಿ ನಾಚಿ ಜೋಳದ ಕಣಿಕಿ ಬಣವೆಯ ಹಿಂದೆ ಹೋಗಿ ಕೂತಳು. ಅಕ್ಕ ಅಲ್ಲಿಗೇ ಹುಡುಕಿಕೊಂಡು ಬಂದು ತನ್ನ ಪಾಲಿನ ಹೋಳಿಗೆಯಲ್ಲಿ ಅರ್ಧ ಮುರಿದು ಅವಳ ಬಾಯಿಗೆ ತುರುಕಿದಳು.

ಹೊತ್ತು ಇಳಿಯುವ ಹೊತ್ತಿಗೆ ಹೊರಟರು. ಹಿಂದೆ ಗಾದಿಯ ಮೇಲೆ ಅಕ್ಕ ಕೂತಳು. ಹುಮನಾಬಾದಿನ ದೀಪಗಳು ದೂರದಲ್ಲಿ ಕಾಣುವಷ್ಟರಲ್ಲಿ ಅವಳ ತಲೆ ಮೆಲ್ಲಗೆ ವಾಲಿ ಸೂಗಿಯ ತೊಡೆಯ ಮೇಲೆ ಬಂತು.

“ಪಾಪ, ಕೂಸು ಒದೀತದಂತ ಹತ್ತು ದಿನ ಆತು ನೆಟ್ಟಗ ನಿದ್ದಿ ಮಾಡಿಲ್ಲ ಅಂತ,” ಆಯಿ ಪಿಸುಗುಟ್ಟಿದಳು. “ಅಲ್ಲಾಡಬ್ಯಾಡ. ಮಲಕ್ಕೊಳ್ಳಿ.”

ಸೂಗಿ ಅಲ್ಲಾಡಲಿಲ್ಲ. ಆಕಾಶದ ಅಂಚು ಕುಸುಬೆ ಹೂವಿನ ಬಣ್ಣಕ್ಕೆ ತಿರುಗಿತ್ತು. ಗಾಡಿ ತೊಟ್ಟಿಲಿನಂತೆ ತೂಗುತ್ತಿತ್ತು. ಅಕ್ಕನ ಬಳೆಗಳು ಉಸಿರಿನ ಜೊತೆ ಏರಿ ಇಳಿಯುತ್ತಿದ್ದವು. ಜೋಳದ ಹೊಲವೆಲ್ಲ ಒಂದು ಕೆರೆ, ಗಾಡಿ ಒಂದು ದೋಣಿ, ಅಕ್ಕನ ಹೊಟ್ಟೆಯೊಳಗಿನ ಕೂಸು ದೋಣಿಯೊಳಗಿನ ದೋಣಿ. ಸೂಗಿಯ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಪಟ್ಟನೆ ತೆರೆಯಿತು.

ಗಾಲಿ ಬಿಚ್ಚಿ ಹಾಕಿದ್ದಾರೆ. ಆಮೇಲೆ ಒಂದಿಷ್ಟು ದೂರ ಹೋಗಿ ಅಪ್ಪ ಪಾನಾ ಹಿಡಿದು ನೋಡಲೇ ಇಲ್ಲ!

ಸೂಗಿ ಉಸಿರು ಬಿಗಿಹಿಡಿದು ಕೇಳಿದಳು. ಟಿಕ್ ಅನ್ನಲಿಲ್ಲ. ಏನೂ ಅನ್ನಲಿಲ್ಲ. ಎಲ್ಲ ಸರಿಯಾಗಿಯೇ ಇರಬೇಕು. ಆಯಿಯೇ ಒರೆಸಿದ್ದು, ಅಪ್ಪನೇ ಬಿಗಿ ಮಾಡಿದ್ದು. ತಗಡು ಬಡಿದರೆ ಅಕ್ಕ ಎದ್ದುಬಿಡುತ್ತಾಳೆ. ಕಾಂತಾಬಾಯಿಗೆ ಹೊಸ ಕತೆ ಸಿಗುತ್ತದೆ.

ಅವಳು ಅಕ್ಕನ ಮುಖ ನೋಡಿದಳು. ತಗಡನ್ನು ನೋಡಿದಳು. ಮತ್ತೆ ಅಕ್ಕನ ಮುಖ ನೋಡಿದಳು.

ಧಡ್ ಧಡ್.

ಗಾಡಿ ಹುಮನಾಬಾದಿನ ಮೊದಲ ದೀಪದ ಕಂಬದ ಕೆಳಗೆ ನಿಂತಿತು. ಅಕ್ಕ ಗಾಬರಿಯಿಂದ ಎದ್ದಳು. “ಏನಾತು? ಊರು ಬಂತೇನ?”

“ಇನ್ನಾ ಇಲ್ಲಕ್ಕಾ. ನಟ್ಟು ನೋಡಬೇಕು.”

“ಅಯ್ಯ, ಈಗರೆ ಕಣ್ಣು ಹತ್ತಿತ್ತಲ್ಲೇ!” ಅಕ್ಕನ ಮುಖ ಸಣ್ಣದಾಯಿತು. ಕಾಂತಾಬಾಯಿ, “ಈ ಸಲ ಒಳಗ ಏನಿಟ್ಟೀಯವಾ, ಹೋಳಿಗಿಯೇನ?” ಎಂದಳು.

ಅಪ್ಪ ಮಾತ್ರ ಪಾನಾ ಹಿಡಿದು ಇಳಿದ. ಸೂಗಿಯೂ ಇಳಿದಳು. ಒಂದು. ಬಿಟ್ಟು ಒಂದು. ಆ ಕಡೆಯದು. ಐದೂ ನಟ್ಟು ಕಲ್ಲಿನಂತೆ ಕೂತಿದ್ದವು. ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

“ಏನೂ ಆಗಿಲ್ಲ ನೋಡು,” ಎಂದ ಅಪ್ಪ.

“ಹೂಂ,” ಎಂದಳು ಸೂಗಿ.

ಅವಳಿಗೆ ನಾಚಿಕೆಯಾಗಲಿಲ್ಲ. ಇಷ್ಟು ಹೊತ್ತು ಎಲ್ಲ ಸರಿ ಇರಬೇಕು ಅಂದುಕೊಂಡು ಕೂತಿದ್ದಳು. ಈಗ ಸರಿ ಇದೆ ಎಂದು ಅವಳಿಗೆ ಗೊತ್ತಿತ್ತು. ಅಂದುಕೊಳ್ಳುವಾಗ ಎದೆಯಲ್ಲಿ ಸಣ್ಣಗೆ ಏನೋ ಚುಚ್ಚುತ್ತಿತ್ತು. ಈಗ ಅದು ಇರಲಿಲ್ಲ.

ಗಾಡಿ ಮತ್ತೆ ಹೊರಟಿತು. ಅಕ್ಕ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ಕೂತಿದ್ದಳು. ಆಮೇಲೆ ತೂಕಡಿಸಿದಳು. ಈ ಸಲ ಸೂಗಿಯೂ ತನ್ನ ತಲೆಯನ್ನು ಅಕ್ಕನ ಭುಜಕ್ಕೆ ಕೊಟ್ಟು ಕಣ್ಣು ಮುಚ್ಚಿದಳು. ಇಬ್ಬರಿಗೂ ನಿದ್ದೆ ಬಂತು.

ಹೇಳಿ, ನೀವಾಗಿದ್ದರೆ 'ಏನೂ ಆಗಿರಲಿಕ್ಕಿಲ್ಲ' ಅಂತ ಸುಮ್ಮನೆ ಕೂರುತ್ತಿದ್ದಿರೋ, ಇಲ್ಲ ಮಲಗಿದ್ದ ಅಕ್ಕನನ್ನು ಎಬ್ಬಿಸುತ್ತಿದ್ದಿರೋ?